ಶ್ವಾಬಿಯಾದ ಶನಿವಾರಗಳು

ಈ ಮೇ ತಿಂಗಳ ಒಂದು ಬೆಳಿಗ್ಗೆ ನನ್ನ ಗಂಡ ಜಾವೀದ್, ರಸೆಲ್ ಮಾರ್ಕೆಟ್ಟಿನಿಂದ ಚೀಲ ತುಂಬ ಪ್ಲಮ್ ಹಣ್ಣು ತಂದ. ಒಂದೊಂದನ್ನೂ ಸೀಳಿ, ಬೀಜ ತೆಗೆದು, ಲಟ್ಟಿಸಿದ ಹಿಟ್ಟಿನ ಮೇಲೆ ಒತ್ತೊತ್ತಾಗಿ ಜೋಡಿಸಿ ಒಲೆಗಿಟ್ಟ. ಪುಲಿಕೇಶಿನಗರದ ನಮ್ಮ ಬೇಕರಿಯಲ್ಲಿ ಆ ಹೊತ್ತಿಗೆ ಬನ್ನಿನ ವಾಸನೆ ಇಲ್ಲವೇ ಬೆಣ್ಣೆ ಬಿಸ್ಕತ್ತಿನ ವಾಸನೆ ಇರುತ್ತದೆ. ಅವತ್ತು ಬೆಂದ ಹಣ್ಣಿನ ಹುಳಿ, ಸುಟ್ಟ ಸಕ್ಕರೆ, ಚಕ್ಕೆ ಎಲ್ಲ ಬೆರೆತು ಮೆಟ್ಟಿಲು ಹತ್ತಿ ಮಹಡಿಗೆ ಬಂತು. ಅಲ್ಲಿ ನಾನು, ಜರ್ಮನಿಗೆ ಹೊರಟ ನರ್ಸ್‌ಗಳಿಗೆ ಭಾಷೆ ಕಲಿಸುತ್ತಿದ್ದೆ. ಮಾತು ಅರ್ಧಕ್ಕೆ ನಿಂತುಹೋಯಿತು.

"ಏನಾಯ್ತು ಮೇಡಂ?" ಅಂದಳು ಕೆ.ಆರ್. ಪುರದಿಂದ ಬರುವ ಹುಡುಗಿ.

"ಏನಿಲ್ಲಮ್ಮ. ಜರ್ಮನಿಯಲ್ಲಿ ಕಳೆದ ಮೊದಲ ವರ್ಷ ನೆನಪಾಯ್ತು."

ಅವತ್ತು ವ್ಯಾಕರಣ ಬದಿಗಿಟ್ಟು ಅವರಿಗೆ ಹೇಳಿದ್ದನ್ನೇ ಈಗ ಬರೆಯುತ್ತಿದ್ದೇನೆ.

ನನ್ನ ಹೆಸರು ಶಾಹೀನಾ. ಶಿವಾಜಿನಗರದ ಒಂದು ಆಸ್ಪತ್ರೆಯ ಜನರಲ್ ವಾರ್ಡಿನಲ್ಲಿ ಬಹಳ ವರ್ಷ ನರ್ಸ್ ಆಗಿದ್ದೆ. ಜಾವೀದ್ ನಮ್ಮ ಗಲ್ಲಿಯವನೇ. ಚಿಕ್ಕಂದಿನಿಂದ ಏಕವಚನದಲ್ಲೇ ಮಾತಾಡಿಕೊಂಡವರು, ನಿಕಾಹ್ ಆದಮೇಲೂ ಅದು ಬದಲಾಗಲಿಲ್ಲ. ಈ ಬೇಕರಿ ಅವನ ಅಪ್ಪನ ಕಾಲದ್ದು. ಜರ್ಮನಿಯ ಆಸ್ಪತ್ರೆಯೊಂದು ನನ್ನನ್ನು ಕರೆದಾಗ ಮನೆಯಲ್ಲಿ ಎಲ್ಲರೂ ಅವನ ಮುಖ ನೋಡಿದರು. ಅವನು ಬೇಕರಿಯನ್ನು ತಮ್ಮನ ಕೈಗೆ ಕೊಟ್ಟು, "ಒಲೆ ಎಲ್ಲಿಗೂ ಓಡಿಹೋಗಲ್ಲ. ನಡಿ" ಅಂದ. ಅಷ್ಟೇ ಮಾತು.

ನಾವು ಇಳಿದದ್ದು ದೇಶದ ದಕ್ಷಿಣ ಭಾಗದ ಶ್ವಾಬಿಯಾ ಎಂಬ ಸೀಮೆಯ ಒಂದು ಸಣ್ಣ ಪಟ್ಟಣದಲ್ಲಿ. ಜನವರಿ. ಮಧ್ಯಾಹ್ನ ನಾಲ್ಕಕ್ಕೇ ಬೆಳಕು ಸೋರಿಹೋಗುತ್ತಿತ್ತು. ಬಾಡಿಗೆ ಮನೆ ಮೂರನೇ ಮಹಡಿಯಲ್ಲಿ. ಮೊದಲ ವಾರವೇ ಬಾಗಿಲ ಹಿಡಿಗೆ ಯಾರೋ ಒಂದು ಮರದ ಹಲಗೆ ನೇತುಹಾಕಿದ್ದರು. ಏನೋ ಸ್ವಾಗತದ ಫಲಕ ಇರಬೇಕೆಂದು ಜಾವೀದ್ ಅದನ್ನು ತಂದು ಗೋಡೆಗೆ ತಗುಲಿಸಿದ. ಆಮೇಲೆ ಗೊತ್ತಾಯಿತು, ಅದು ಈ ವಾರ ಮೆಟ್ಟಿಲು ಗುಡಿಸಿ ಒರೆಸುವ ಸರದಿ ನಿಮ್ಮದು ಎಂಬ ಸೂಚನೆ. ಸರದಿ ಮುಗಿದ ಮೇಲೆ ಹಲಗೆಯನ್ನು ಮುಂದಿನ ಮನೆಯ ಬಾಗಿಲಿಗೆ ದಾಟಿಸಬೇಕು. ನಮ್ಮ ಗೋಡೆಯ ಮೇಲೆ ಅದು ವಾರಗಟ್ಟಲೆ ಅಲಂಕಾರವಾಗಿತ್ತು, ಮೆಟ್ಟಿಲ ಮೇಲೆ ಧೂಳು ಬೆಳೆಯುತ್ತಿತ್ತು. ಕೊನೆಗೆ ಕೆಳಗಿನ ಮನೆಯಾಕೆ ಬಂದು ಹಲಗೆ ಎಲ್ಲಿ ಎಂದು ವಿಚಾರಿಸಿದಾಗ ಜಾವೀದ್ ಬಹಳ ಹೆಮ್ಮೆಯಿಂದ ಒಳಗೆ ಕರೆದು ತೋರಿಸಿದ್ದ.

ಅಲ್ಲಿನ ಆಸ್ಪತ್ರೆಯಲ್ಲಿ ನಾನು ಪೂರ್ತಿ ನರ್ಸ್ ಆಗಿರಲಿಲ್ಲ. ನಮ್ಮ ಸರ್ಟಿಫಿಕೇಟನ್ನು ಅವರು ಒಪ್ಪಬೇಕಾದರೆ ಅವರದೊಂದು ಪರೀಕ್ಷೆ ಪಾಸಾಗಬೇಕು. ನಿಜವಾದ ರೋಗಿಯ ಮುಂದೆ, ಇಬ್ಬರು ಪರೀಕ್ಷಕರ ಎದುರು, ಅವರ ಭಾಷೆಯಲ್ಲಿ. ಅಲ್ಲಿಯತನಕ ಸಹಾಯಕಿ. ಹಾಸಿಗೆ ಸರಿಮಾಡುವುದು, ಊಟ ಮಾಡಿಸುವುದು, ಮೈ ಒರೆಸುವುದು. ಬೇಸರವೇನೂ ಇರಲಿಲ್ಲ. ಭಾಷೆಯನ್ನು ಬೆಂಗಳೂರಿನಲ್ಲೇ ಶ್ರದ್ಧೆಯಿಂದ ಕಲಿತಿದ್ದೆ. ಕೆಲಸವಂತೂ ಕೈಗೆ ಬಂದದ್ದೇ. ಬೇಸಿಗೆಯಲ್ಲಿ ಪರೀಕ್ಷೆ ಮುಗಿಸಿಬಿಡುತ್ತೇನೆ ಎಂದುಕೊಂಡಿದ್ದೆ.

ಎರಡು ವಾರಕ್ಕೊಮ್ಮೆ ಶನಿವಾರ, ಭಾನುವಾರ ಎರಡೂ ರಜೆ ಸಿಗುತ್ತಿತ್ತು. ಶನಿವಾರ ಬೆಳಗಾಗುವುದೇ ತಡ, ನಾವು ಸ್ಟೇಷನ್ನಿನಲ್ಲಿ. ಜಾವೀದ್ ಖಾರ ಬನ್ ಮಾಡಿ ಬಟ್ಟೆಯಲ್ಲಿ ಸುತ್ತಿ ತರುತ್ತಿದ್ದ. ಫ್ರಾನ್ಸಿನ ಸ್ಟ್ರಾಸ್‌ಬರ್ಗಿಗೆ ಹೋದೆವು. ಸ್ವಿಟ್ಜರ್‌ಲೆಂಡಿನಲ್ಲಿ ರೈನ್ ನದಿ ಧುಮುಕುವುದನ್ನು ನೋಡಿ ಬಂದೆವು. ಬಸ್ಸಿನಲ್ಲಿ ಕುಕ್ಕರಿಸಿ ಪ್ರಾಗ್‌ಗೂ ಹೋದೆವು. ಹಲಸೂರಿನಿಂದ ಕೆ.ಆರ್. ಪುರ ಸೇತುವೆ ದಾಟಲು ಹಿಡಿಯುವಷ್ಟು ಹೊತ್ತಿನಲ್ಲಿ ಇಲ್ಲಿ ಇನ್ನೊಂದು ದೇಶವೇ ಬಂದುಬಿಡುತ್ತಲ್ಲ ಎಂದು ಜಾವೀದ್ ಪ್ರತಿ ಸಲವೂ ಆಶ್ಚರ್ಯಪಡುತ್ತಿದ್ದ. ಮನೆಯಲ್ಲಿ ನಮ್ಮದು ದಖನಿ ಉರ್ದು. ಆದರೆ ರೈಲಿನಲ್ಲಿ ದಿಲ್ಲಿ ಕಡೆಯವರೋ ಲಾಹೋರ್ ಕಡೆಯವರೋ ಯಾರಾದರೂ ಇದ್ದೇ ಇರುತ್ತಿದ್ದರು, ದಖನಿ ಅವರಿಗೆ ತಿಳಿದುಹೋಗುತ್ತಿತ್ತು. ಹಾಗಾಗಿ ನಮ್ಮ ಖಾಸಗಿ ಮಾತಿಗೆಲ್ಲ ಕನ್ನಡ. ಮದುವೆಯಾಗಿ ಎಂಟು ವರ್ಷದಲ್ಲಿ ನಾವಿಬ್ಬರೂ ಅಷ್ಟು ಕನ್ನಡ ಮಾತಾಡಿಕೊಂಡದ್ದಿಲ್ಲ.

ಜುಲೈಯಲ್ಲಿ ಪರೀಕ್ಷೆ ಬಂತು. ನನಗೆ ಕೊಟ್ಟ ರೋಗಿ ಹೊಟ್ಟೆಯ ಆಪರೇಷನ್ ಆಗಿದ್ದ ಒಬ್ಬ ವಯಸ್ಸಾದವರು. ಮೈ ಒರೆಸಿದೆ, ಗಾಯದ ಪಟ್ಟಿ ನೋಡಿದೆ, ನಿಧಾನವಾಗಿ ಎಬ್ಬಿಸಿ ಮಂಚದ ಅಂಚಿಗೆ ಕೂರಿಸಿದೆ. ಎಲ್ಲ ಸರಿಯಾಗಿಯೇ ನಡೆದಿತ್ತು. ಅವರು ನನ್ನ ತೋಳು ಹಿಡಿದು "ಹೇಬ್ ಮಿ" ಅಂದರು. ಹೇಬನ್ ಎಂದರೆ ಎತ್ತುವುದು. ಪುಸ್ತಕದಲ್ಲಿ ಹಾಗೇ ಇತ್ತು, ನನಗೆ ಚೆನ್ನಾಗಿ ಗೊತ್ತಿತ್ತು. ಕಂಕುಳಿಗೆ ಕೈಕೊಟ್ಟು ಎತ್ತಿ ನಿಲ್ಲಿಸಿದೆ. ನಿಂತ ಕೂಡಲೇ ಅವರ ಮುಖ ಬಿಳಿಚಿತು, ಮಂಡಿ ಮಡಚಿಹೋಯಿತು. ಪರೀಕ್ಷಕಿ ಬ್ರಿಗಿಟೆ, ಎತ್ತರದ ಹೆಂಗಸು, ಓಡಿಬಂದು ಇನ್ನೊಂದು ಕಡೆ ಹಿಡಿದರು. ಇಬ್ಬರೂ ಸೇರಿ ಮಲಗಿಸಿದೆವು. ಅವರಿಗೇನೂ ಆಗಲಿಲ್ಲ. ನನ್ನ ಪರೀಕ್ಷೆ ಅಲ್ಲಿಗೆ ಮುಗಿಯಿತು.

"ರೋಗಿ ಕೇಳದೇ ಇದ್ದದ್ದನ್ನ ನೀವು ಮಾಡಿದ್ರಿ" ಎಂದರು ಬ್ರಿಗಿಟೆ. ಅವರ ದನಿಯಲ್ಲಿ ಕಠಿಣತೆ ಇರಲಿಲ್ಲ. ಅದೇ ಹೆಚ್ಚು ನೋಯಿಸಿತು.

ರೋಗಿ ಕೇಳಿದ್ದರಲ್ಲ. ನನ್ನ ಕಿವಿಯಾರೆ ಕೇಳಿಸಿಕೊಂಡಿದ್ದೆನಲ್ಲ. ದಿನಗಟ್ಟಲೆ ಅದನ್ನೇ ತಿರುವಿ ತಿರುವಿ ಯೋಚಿಸಿದೆ. ಇನ್ನೊಂದೇ ಅವಕಾಶ ಇತ್ತು, ಚಳಿಗಾಲದಲ್ಲಿ. ಅದೂ ಹೋದರೆ ವೀಸಾ ಮುಂದುವರಿಯುವುದಿಲ್ಲ, ಗಂಟುಮೂಟೆ ಕಟ್ಟಬೇಕು. ಅಮ್ಮಿ ಊರಿನಿಂದ ಫೋನಿನಲ್ಲಿ "ಬಸ್ ಬೇಟಾ, ಆಜಾ", ಸಾಕು ಬಂದುಬಿಡು ಎಂದು ಅತ್ತಳು. ಊರಿಗೆ ಮರಳುವ ಭಯಕ್ಕಿಂತ ದೊಡ್ಡ ಭಯ ಬೇರೆ ಇತ್ತು. ಇಷ್ಟು ವರ್ಷ ನಂಬಿಕೊಂಡ ನನ್ನ ಕೈಗಳ ಮೇಲೆಯೇ ನನಗೆ ಅನುಮಾನ ಹುಟ್ಟಿತ್ತು. ವಾರ್ಡಿನಲ್ಲಿ ಯಾರನ್ನಾದರೂ ಮುಟ್ಟುವ ಮುಂಚೆ ಒಂದು ಕ್ಷಣ ತಡೆಯುತ್ತಿದ್ದೆ.

ಒಂದು ಸಂಜೆ ಅಡುಗೆಮನೆಯ ಮೇಜಿನ ಮುಂದೆ ಕೂತು ಜಾವೀದ್‌ಗೆ ಹೇಳಿದೆ. "ಇನ್ಮೇಲೆ ಊರು ಸುತ್ತೋದು ಬೇಡ. ಪರೀಕ್ಷೆ ಆಗೋವರೆಗೂ ಬರೀ ಪುಸ್ತಕ."

ಅವನು ಹಿಟ್ಟು ನಾದುತ್ತಿದ್ದ. ಕೈ ನಿಲ್ಲಿಸದೆ, "ಸುತ್ತೋಣ. ಆದ್ರೆ ಪ್ರಾಗ್‌ಗಲ್ಲ" ಅಂದ.

"ಮತ್ತೆಲ್ಲಿಗೆ?"

"ನಿನ್ನ ಪೇಷೆಂಟ್‌ಗಳು ಎಲ್ಲಿಂದ ಬರ್ತಾರೆ?"

"ಸುತ್ತಮುತ್ತಿನ ಹಳ್ಳಿಗಳಿಂದ."

"ಅಲ್ಲಿಗೇ ಹೋಗೋಣ. ನಾನು ತಮಿಳು ಎಲ್ಲಿ ಕಲಿತೆ? ಸ್ಕೂಲಲ್ಲಾ? ಗಲ್ಲಾ ಹತ್ರ ನಿಂತು ಗಿರಾಕಿಗಳ ಮಾತು ಕೇಳಿ ಕೇಳಿ ಕಲಿತೆ. ನಿನಗೆ ಪುಸ್ತಕದ ಜರ್ಮನ್ ಬರುತ್ತೆ. ಈ ಜನ ಮನೇಲಿ ಆಡೋದು ಬೇರೆ ಏನೋ ಇದೆ. ನನಗೆ ಅರ್ಥ ಆಗಲ್ಲ ನಿಜ, ಆದ್ರೆ ಬೇರೆ ಅನ್ನೋದು ಕೇಳಿಸುತ್ತೆ."

ಆಗಸ್ಟಿನಿಂದ ನಮ್ಮ ಶನಿವಾರಗಳ ದಿಕ್ಕು ಬದಲಾಯಿತು. ಎರಡೇ ಬೋಗಿಯ ಒಂದು ರೈಲು ಗುಡ್ಡಗಳ ನಡುವೆ ತೆವಳುತ್ತ ಹೋಗುತ್ತಿತ್ತು. ಪ್ರವಾಸಿಗರು ಇಳಿಯದ ಊರುಗಳಲ್ಲಿ ಇಳಿಯುತ್ತಿದ್ದೆವು. ಒಂದು ಚರ್ಚು, ಒಂದು ಮಾಂಸದಂಗಡಿ, ಮರದ ಸೌದೆಯನ್ನು ಗೋಡೆಯಂತೆ ಜೋಡಿಸಿಟ್ಟ ಮನೆಗಳು, ಇಳಿಜಾರಿನ ತುಂಬ ಸೇಬು ಮತ್ತು ಪ್ಲಮ್ ತೋಟ. ಮೊದಮೊದಲು ಯಾರೂ ಮಾತಾಡಿಸಲಿಲ್ಲ. ನಮಸ್ಕಾರಕ್ಕೆ ನಮಸ್ಕಾರ, ಅಷ್ಟೇ. ಬೆಂಚಿನ ಮೇಲೆ ಕೂತು ಖಾರ ಬನ್ ತಿಂದು ವಾಪಸ್ ಬರುತ್ತಿದ್ದೆವು. ನನಗೆ ಇದು ಸಮಯ ಹಾಳು ಎನಿಸತೊಡಗಿತ್ತು.

ಸೆಪ್ಟೆಂಬರಿನಲ್ಲಿ ಒಂದು ದಿನ ಅಂಥದೇ ಊರಿನ ಓಣಿಯಲ್ಲಿ ನಡೆಯುತ್ತಿದ್ದಾಗ ಬೇಲಿಯಾಚೆಯ ಏಣಿಯ ಮೇಲೊಬ್ಬ ಮುದುಕಿ ಕಂಡಳು. ಎಪ್ಪತ್ತು ದಾಟಿದಾಕೆ. ಮೊಣಕೈವರೆಗೆ ತೋಳು ಮಡಚಿ ಪ್ಲಮ್ ಕೀಳುತ್ತಿದ್ದಳು. ನನ್ನನ್ನು ನೋಡಿದವಳೇ ತುಂಬಿದ ಬುಟ್ಟಿಯನ್ನು ಕೆಳಗೆ ಚಾಚಿ, "ಹೇಬ್ ಅಮೋಲ್" ಅಂದಳು.

ನಾನು ಬುಟ್ಟಿ ತೆಗೆದುಕೊಂಡು ನನ್ನ ತಲೆಯ ಮೇಲಕ್ಕೆ, ಮತ್ತೆ ಅವಳ ಕಡೆಗೇ, ಎತ್ತಿ ಹಿಡಿದೆ. ಹಣ್ಣು ಉರುಳಿ ಉರುಳಿ ಜಾವೀದನ ಭುಜದ ಮೇಲೆ ಬಿದ್ದವು. ಮುದುಕಿ ಒಂದು ಕ್ಷಣ ನನ್ನನ್ನೇ ನೋಡಿದಳು. ಏಣಿ ಇಳಿದು ಬಂದು, ಕಿವುಡರಿಗೆ ಹೇಳುವಂತೆ ಬಿಡಿಸಿ ಬಿಡಿಸಿ ಪುಸ್ತಕದ ಜರ್ಮನ್‌ನಲ್ಲಿ ಹೇಳಿದಳು.

"ಒಂಚೂರು ಹಿಡ್ಕೋ ಅಂದೆ ಕಣಮ್ಮ. ಎತ್ತು ಅಂತ ಯಾರು ಹೇಳಿದ್ರು?"

"ನೀವು ಹೇಬನ್ ಅಂದ್ರಿ."

"ಹೂಂ. ಹೇಬನ್ ಅಂದ್ರೆ ಹಿಡ್ಕೊಳ್ಳೋದು."

"ಮತ್ತೆ ಎತ್ತೋದಕ್ಕೆ?"

"ಅದಕ್ಕೆ ಲುಪ್ಫ ಅಂತೀವಿ. ಶ್ವಾಬಿಯಾದಲ್ಲಿ ಯಾವತ್ತಿಗೂ ಹಂಗೇ."

ನಾನು ಬುಟ್ಟಿಯನ್ನು ಹುಲ್ಲಿನ ಮೇಲಿಟ್ಟು ಪಕ್ಕದಲ್ಲೇ ಕೂತುಬಿಟ್ಟೆ. ಕನ್ನಡದಲ್ಲಿ ಹೇಳಿದೆ, "ಜಾವೀದ್, ಪರೀಕ್ಷೆ ದಿನ ಆ ಪೇಷೆಂಟ್ ನನ್ನನ್ನ ಹಿಡ್ಕೊಳ್ಳಿ ಅಂದಿದ್ರು."

ಅವನು ಬಿದ್ದ ಹಣ್ಣು ಹೆಕ್ಕುತ್ತಿದ್ದವನು ತಲೆಯೆತ್ತಿದ. "ಅಂದ್ರೆ ನಿನ್ನ ಕೆಲಸದಲ್ಲಿ ಏನೂ ತಪ್ಪಿರಲಿಲ್ಲ. ಒಂದು ಮಾತು ಗೊತ್ತಿರಲಿಲ್ಲ. ಮಾತು ಕಲಿಯಬಹುದು."

ಎರಡು ತಿಂಗಳಿಂದ ಎದೆಯ ಮೇಲೆ ಕೂತಿದ್ದದ್ದು ಎದ್ದು ಹೋಯಿತು. ಮುದುಕಿಗೆ ನನ್ನ ಕಥೆಯನ್ನೆಲ್ಲ ಹೇಳಿದೆ. ಅವಳ ಹೆಸರು ಹೆಡ್ವಿಗ್. ಗಂಡ ಇದ್ದಾಗ ಹಸು ಕಟ್ಟಿದ್ದಳಂತೆ, ಈಗ ತೋಟ ಮಾತ್ರ. ಪೂರ್ತಿ ಕೇಳಿಸಿಕೊಂಡು, "ಸರಿ. ಮುಂದಿನ ಸಲ ರಜೆ ಸಿಕ್ಕಿದಾಗ ಬನ್ನಿ. ಹಣ್ಣು ಕೀಳೋಕೆ ನನಗೆ ಕೈ ಬೇಕು, ನಿಮಗೆ ಮಾತು ಬೇಕು" ಅಂದಳು. ಹೊರಡುವಾಗ ಪ್ಲಮ್ ಜೋಡಿಸಿ ಬೇಯಿಸಿದ ಕೇಕಿನ ತಟ್ಟೆಯಗಲದ ತುಂಡೊಂದನ್ನು ಕಾಗದದಲ್ಲಿ ಸುತ್ತಿ ಕೊಟ್ಟಳು. ರೈಲಿನಲ್ಲಿ ಜಾವೀದ್ ಅದರ ಅಂಚು ಮುರಿದು, ಮೂಸಿ, ಬೆಳಕಿಗೆ ಹಿಡಿದು, "ಚಕ್ಕೆ ಹಾಕಿದಾಳೆ. ಆದ್ರೆ ಸಕ್ಕರೆಯನ್ನ ಮೇಲೆ ಮಾತ್ರ" ಎಂದು ತನಗೆ ತಾನೇ ಹೇಳಿಕೊಂಡ.

ಆ ಶರತ್ಕಾಲ ಪೂರ್ತಿ ನಮ್ಮ ರಜೆಗಳೆಲ್ಲ ಅಲ್ಲೇ ಕಳೆದವು. ಪ್ಲಮ್ ಮುಗಿದ ಮೇಲೆ ಸೇಬು. ಸೇಬಿನ ನಂತರ ಬಿದ್ದ ಎಲೆ ಗುಡಿಸುವುದು, ಸೌದೆ ಜೋಡಿಸುವುದು. ಹೆಡ್ವಿಗ್ ನಮ್ಮೊಡನೆ ಪುಸ್ತಕದ ಭಾಷೆ ಆಡುವುದನ್ನೇ ಬಿಟ್ಟಳು. ತಿಳಿಯದಿದ್ದರೆ ಕೇಳಬೇಕು, ಕೇಳಿದರೆ ಮಾಡಿ ತೋರಿಸುತ್ತಾಳೆ. ವಾರ್ಡಿನಲ್ಲಿ ಒಬ್ಬ ಅಜ್ಜ ಪದೇಪದೇ ಹಾಸಿಗೆಯ ಮೇಲೆ ಜಮಖಾನ ಹಾಸು ಎನ್ನುತ್ತಿದ್ದರು, ಅವರಿಗೆ ಬುದ್ಧಿ ಸ್ಥಿಮಿತದಲ್ಲಿಲ್ಲ ಎಂದೇ ನಾನು ತಿಳಿದಿದ್ದೆ. ಆ ಸೀಮೆಯಲ್ಲಿ ಜಮಖಾನದ ಮಾತನ್ನೇ ಹೊದಿಕೆಗೂ ಬಳಸುತ್ತಾರೆ ಎಂದು ಹೆಡ್ವಿಗ್ ತನ್ನ ಸೋಫಾದ ಮೇಲಿನ ಹೊದಿಕೆಯನ್ನು ಹಾಗೆ ಕರೆದಾಗ ಗೊತ್ತಾಯಿತು. ಪಾಪ, ಆ ಅಜ್ಜನಿಗೆ ಚಳಿಯಾಗುತ್ತಿತ್ತು. ಸೋಮವಾರ ಡ್ಯೂಟಿಗೆ ಹೋದವಳೇ ಎರಡು ಹೊದಿಕೆ ಹೊದಿಸಿದೆ. ಅವರು ಕಣ್ಣು ಮುಚ್ಚಿಕೊಂಡು, ಕೊನೆಗೂ ಒಬ್ಬಳಿಗೆ ಕಿವಿ ಕೇಳಿಸಿತು ಅಂದರು.

ನವೆಂಬರಿನ ಒಂದು ದಿನ ಹೆಡ್ವಿಗ್ ಒದ್ದೆ ಎಲೆಯ ಮೇಲೆ ಜಾರಿ ಕುಳಿತಳು. ಫೂಸ್ ನೋವು, ಫೂಸ್ ನೋವು ಎಂದು ನರಳಿದಳು. ಫೂಸ್ ಎಂದರೆ ಪಾದ. ನಾನು ಬೂಟು ಬಿಚ್ಚಿ ಪಾದ, ಹಿಮ್ಮಡಿ, ಗಂಟು ಎಲ್ಲ ಒತ್ತಿ ನೋಡಿದೆ. ಎಲ್ಲೂ ಏನೂ ಇಲ್ಲ. ಅವಳು ಕೋಪದಿಂದ ತನ್ನ ತೊಡೆಯ ಮೇಲೆ ತಟ್ಟಿಕೊಂಡಳು. "ಇಲ್ಲಿ ಕಣೆ, ಫೂಸ್ ಇಲ್ಲಿ."

"ಇದೂ ಫೂಸೇನಾ?"

"ಸೊಂಟದಿಂದ ಕೆಳಗೆ ಬೆರಳ ತುದಿವರೆಗೂ ಫೂಸೇ. ಮತ್ತೇನು?"

ನನಗೆ ನಗು ತಡೆಯಲಾಗಲಿಲ್ಲ. ಶಿವಾಜಿನಗರದ ಆಸ್ಪತ್ರೆಗೆ ಬರುವವರೆಲ್ಲ "ಸಿಸ್ಟರ್, ಕಾಲು ನೋವು" ಎನ್ನುತ್ತಾರೆ. ಅದು ಹೆಬ್ಬೆರಳೂ ಇರಬಹುದು, ಮಂಡಿಯೂ ಇರಬಹುದು, ತೊಡೆಯ ಬುಡವೂ ಇರಬಹುದು. ಎಲ್ಲಿ, ಕೈಯಿಟ್ಟು ತೋರಿಸಿ ಎಂದು ಕೇಳುವುದು ಅಲ್ಲಿ ನನಗೆ ಉಸಿರಾಟದಷ್ಟು ಅಭ್ಯಾಸವಾಗಿತ್ತು. ಇಲ್ಲಿ ಬಂದು, ಪ್ರತಿಯೊಂದಕ್ಕೂ ಬೇರೆ ಬೇರೆ ಪದ ಇರುವ ಶಿಸ್ತಿನ ಭಾಷೆ ಎಂದು ನಂಬಿ, ಕೇಳುವುದನ್ನೇ ಬಿಟ್ಟಿದ್ದೆ. "ನಮ್ಮಲ್ಲೂ ಹೀಗೇ, ಎಲ್ಲಾ ಒಂದೇ ಕಾಲು" ಅಂದೆ. "ಹಂಗಿದ್ರೆ ನಿಮ್ಮದು ಬುದ್ಧಿವಂತರ ಭಾಷೆ" ಎಂದಳು ಹೆಡ್ವಿಗ್. ತೊಡೆಗೆ ಬಿಸಿ ಶಾಖ ಕೊಟ್ಟೆ, ಮುಂದಿನ ರಜೆಗೆ ಹೋಗುವಷ್ಟರಲ್ಲಿ ಸರಿಹೋಗಿದ್ದಳು.

ಫೆಬ್ರವರಿಯಲ್ಲಿ ಎರಡನೇ ಪರೀಕ್ಷೆ. ಅವತ್ತು ಬೆಳಿಗ್ಗೆ ಹಿಮ ಬಿದ್ದು ಬಸ್ಸು ನಿಂತಿತ್ತು. ಜಾವೀದ್ ಆಸ್ಪತ್ರೆಯವರೆಗೂ ನನ್ನ ಮುಂದೆ ಮುಂದೆ ನಡೆದ, ಅವನ ಹೆಜ್ಜೆಯ ಗುರುತಿನಲ್ಲಿ ನಾನು ಹೆಜ್ಜೆಯಿಟ್ಟು ಹೋದೆ. ಬಾಗಿಲಲ್ಲಿ ಅವನು ಆಲ್ ದಿ ಬೆಸ್ಟ್ ಎನ್ನಲಿಲ್ಲ, ದುವಾ ಎಂದೂ ಹೇಳಲಿಲ್ಲ. "ಕೇಳಿ ಮಾಡು" ಅಂದ.

ಬ್ರಿಗಿಟೆ ಇದ್ದರು. ಜೊತೆಗೆ ಹೊಸ ಪರೀಕ್ಷಕಿ, ದೂರದ ಉತ್ತರದ ಹ್ಯಾಂಬರ್ಗ್ ಕಡೆಯವರು, ಆ ಸೀಮೆಗೆ ಬಂದು ಸ್ವಲ್ಪವೇ ಕಾಲವಾಗಿತ್ತು. ರೋಗಿ ಒಬ್ಬ ರೈತರು. ಎದೆಯಲ್ಲಿ ಕಫ ಕಟ್ಟಿ, ಜ್ವರ ಬಂದು ಹಲವು ದಿನದಿಂದ ಮಲಗಿದ್ದವರು. ನನ್ನ ಕೆಲಸ, ಅವರ ಬೆಳಗಿನ ಆರೈಕೆ ಮುಗಿಸಿ, ಎಬ್ಬಿಸಿ, ಕಾರಿಡಾರಿನಲ್ಲಿ ಸ್ವಲ್ಪ ನಡೆಸುವುದು. ಮೈ ಒರೆಸುವಾಗ ಅವರು, "ಎಡಗಡೆ ಫೂಸ್ ನೋಯ್ತದೆ" ಎಂದು ಗೊಣಗಿದರು.

"ಎಲ್ಲಿ? ಕೈಯಿಟ್ಟು ತೋರಿಸಿ" ಅಂದೆ. ಹೆಡ್ವಿಗ್‌ಳ ಮಾತಿನಲ್ಲೇ ಅಂದೆ.

ಅವರು ಮಂಡಿಯ ಹಿಂದೆ ಕೈಯಿಟ್ಟು ಮೀನಖಂಡದವರೆಗೆ ಎಳೆದು ತೋರಿಸಿದರು. ಹೊದಿಕೆ ಪೂರ್ತಿ ಸರಿಸಿ ಎರಡೂ ಕಾಲನ್ನು ಪಕ್ಕಪಕ್ಕ ನೋಡಿದೆ. ಎಡಗಾಲಿನ ಮೀನಖಂಡ ಊದಿತ್ತು, ಚರ್ಮ ಬಿಗಿದು ಹೊಳೆಯುತ್ತಿತ್ತು. ಅಂಗೈ ಇಟ್ಟರೆ ಬಿಸಿ. ಪಾದದಲ್ಲಿ ಮಾತ್ರ ಊತವೂ ಇರಲಿಲ್ಲ, ಬಿಸಿಯೂ ಇರಲಿಲ್ಲ. ನನ್ನ ಕೈ ತಡೆಯಲಿಲ್ಲ, ಅನುಮಾನಪಡಲಿಲ್ಲ. ಹೊದಿಕೆ ಹೊದಿಸಿ, "ಅಲ್ಲಾಡಬೇಡಿ, ಹಾಗೇ ಮಲಗಿರಿ" ಎಂದು ಅವರಿಗೆ ಹೇಳಿ, ಪರೀಕ್ಷಕರ ಕಡೆ ತಿರುಗಿದೆ. "ಇವರನ್ನ ನಡೆಸಲ್ಲ. ರಕ್ತನಾಳದಲ್ಲಿ ಹೆಪ್ಪು ಇರಬಹುದು. ಡಾಕ್ಟರನ್ನ ಕರೀಬೇಕು, ಈಗಲೇ."

ಹ್ಯಾಂಬರ್ಗಿನವರು ಕೇಳಿದರು, "ಪರೀಕ್ಷೆಯನ್ನು ಇಲ್ಲಿಗೆ ನಿಲ್ಲಿಸುತ್ತಿದ್ದೀರಾ?"

"ಪರೀಕ್ಷೆ ನಿಲ್ಲಿಸ್ತಿಲ್ಲ. ಇವರನ್ನ ನಡೆಸೋದನ್ನ ನಿಲ್ಲಿಸ್ತಿದ್ದೀನಿ."

ಬ್ರಿಗಿಟೆ ಆಗಲೇ ಕರೆಗಂಟೆ ಒತ್ತಿದ್ದರು. ಡಾಕ್ಟರು ಬಂದರು, ಕಾಲು ನೋಡಿ ಅವಸರದಿಂದ ಸ್ಕ್ಯಾನಿಗೆ ಒಯ್ದರು. ನಾವು ಮೂವರೂ ಖಾಲಿ ಕೋಣೆಯಲ್ಲಿ ಕಾದೆವು. ಹಿಮ ಕಿಟಕಿಗೆ ಬಡಿಯುತ್ತಿತ್ತು. ಫೋನು ಬಂದಾಗ ಬ್ರಿಗಿಟೆ ಎತ್ತಿಕೊಂಡರು, ಕೇಳಿಸಿಕೊಂಡರು, ಇಟ್ಟರು. "ಹೆಪ್ಪು ಇದೆ. ತೊಡೆಯವರೆಗೂ ಇದೆ. ಔಷಧಿ ಶುರುಮಾಡಿದಾರೆ" ಅಂದರು. ನಡೆಸಿದ್ದರೆ ಅದು ಕದಲಿ ಶ್ವಾಸಕೋಶಕ್ಕೆ ಏರುವ ಅಪಾಯವಿತ್ತು.

"ನನಗೊಂದು ವಿಷಯ ತಿಳಿಯಬೇಕು" ಎಂದರು ಹ್ಯಾಂಬರ್ಗಿನವರು, ಕುರ್ಚಿಯನ್ನು ಹತ್ತಿರ ಎಳೆದುಕೊಂಡು. "ಅವರು ಪಾದ ನೋವು ಅಂದರು. ನೀವು ಮೀನಖಂಡಕ್ಕೆ ಹೇಗೆ ಹೋದಿರಿ?"

"ಶ್ವಾಬಿಯಾದಲ್ಲಿ ಫೂಸ್ ಸೊಂಟದಿಂದ ಶುರುವಾಗುತ್ತೆ. ನಮ್ಮೂರಲ್ಲೂ ಅಷ್ಟೇ" ಅಂದೆ.

ಬ್ರಿಗಿಟೆ ಮೊದಲು ನಕ್ಕರು. ಆ ಕೋಣೆಯಲ್ಲಿ ಹುಟ್ಟಾ ಶ್ವಾಬಿಯಾದವರು ಅವರೊಬ್ಬರೇ. ಹ್ಯಾಂಬರ್ಗಿನವರೂ ನಕ್ಕು, ಹಾಗಿದ್ದರೆ ನಾನೂ ಕಲಿಯಬೇಕು, ಎಲ್ಲಿ ಕಲಿಸುತ್ತಾರೆ ಎಂದು ಕೇಳಿದರು. ಮಧ್ಯಾಹ್ನದ ಹೊತ್ತಿಗೆ ಫಲಿತಾಂಶ ಹೇಳಿದರು. ಪಾಸ್. ಕೆಳಗೆ ಬಂದಾಗ ಜಾವೀದ್ ಆಸ್ಪತ್ರೆಯ ಬಾಗಿಲಲ್ಲೇ ಇದ್ದ. ಬೆಳಿಗ್ಗೆಯಿಂದ ಮನೆಗೆ ಹೋಗಿರಲೇ ಇಲ್ಲ. ಟೋಪಿಯ ಮೇಲೆ ಹಿಮ ಕೂತಿತ್ತು. ನಾನು ತಲೆಯಾಡಿಸಿದೆ. ಅವನು ಮುಖ ಆಚೆ ತಿರುಗಿಸಿಕೊಂಡು ನಿಂತ. ಟೋಪಿಯ ಹಿಮ ಕೊಡವುತ್ತ, "ಅಮ್ಮಿಗೆ ನೀನೇ ಫೋನ್ ಮಾಡು, ನನ್ನ ಕೈಲಾಗಲ್ಲ" ಅಂದ.

ಮುಂದಿನ ಶನಿವಾರ ಸುದ್ದಿ ಹೇಳಲು ಹೆಡ್ವಿಗ್ ಊರಿಗೆ ಹೋದೆವು. ಮನೆಗೆ ಬೀಗ. ಪಕ್ಕದವರು ಕೈ ತೋರಿಸಿದ ಕಡೆ ನಡೆದರೆ ಚರ್ಚಿನ ಹಿಂದೆ ಒಂದು ಕಲ್ಲಿನ ಗುಡಿಸಲಿನಂಥ ಕಟ್ಟಡ, ಚಿಮಣಿಯಿಂದ ಹೊಗೆ. ಒಳಗೆ ಗೋಡೆಯಗಲದ ಸೌದೆ ಒಲೆ. ಊರಿಗೆಲ್ಲ ಸೇರಿದ್ದು, ಮನೆಗೊಂದು ಸರದಿಯಂತೆ ಅಲ್ಲಿ ಬ್ರೆಡ್ ಸುಡುತ್ತಾರೆ. ಅವತ್ತು ಹೆಡ್ವಿಗ್‌ಳ ಸರದಿ. ಏಳೆಂಟು ಹೆಂಗಸರು, ಒಂದಿಬ್ಬರು ಗಂಡಸರು, ಎಲ್ಲರ ತೋಳಿಗೂ ಹಿಟ್ಟು. ನಾನು ಬಾಗಿಲಲ್ಲೇ ಪಾಸಾದೆ ಅಂದೆ. ಹೆಡ್ವಿಗ್ ಬಂದು ಹಿಟ್ಟಿನ ಕೈಯಲ್ಲೇ ನನ್ನ ಎರಡೂ ಕೆನ್ನೆ ಹಿಡಿದಳು. ಆಮೇಲೆ ಎಲ್ಲರ ಕಡೆ ತಿರುಗಿ ನನ್ನ ಪರೀಕ್ಷೆಯ ಕಥೆಯನ್ನು ತಾನೇ ಅಲ್ಲಿದ್ದವಳಂತೆ ಹೇಳತೊಡಗಿದಳು.

ಜಾವೀದ್ ಅದಾವುದನ್ನೂ ಕೇಳಿಸಿಕೊಳ್ಳಲಿಲ್ಲ. ಒಲೆಯ ಮುಂದೆ ಹೋಗಿ ನಿಂತಿದ್ದ. ಒಂದು ವರ್ಷದಿಂದ ಅವನು ಬಾಡಿಗೆ ಮನೆಯ ಪುಟ್ಟ ಕರೆಂಟ್ ಒಲೆಯಲ್ಲಿ ಕೈ ಕಟ್ಟಿಹಾಕಿದಂತೆ ಬನ್ ಸುಟ್ಟವನು. ಒಳಗೆ ಚಿಟಿಕೆ ಹಿಟ್ಟು ಎಸೆದು, ಅದು ಕಂದಾಗುವುದನ್ನು ನೋಡಿ, "ಶಾಖ ಇನ್ನೂ ಜಾಸ್ತಿ ಇದೆ, ಸ್ವಲ್ಪ ಹೊತ್ತು ಬಿಡಬೇಕು" ಎಂದು ಕನ್ನಡದಲ್ಲೇ ಅಂದ. ಪಕ್ಕದಲ್ಲಿ ನಿಂತಿದ್ದ, ಒಲೆ ನೋಡಿಕೊಳ್ಳುವ ಮುದುಕ ಅದೇ ಹೊತ್ತಿಗೆ ಅದೇ ಮಾತನ್ನು ಶ್ವಾಬಿಯಾದ ಭಾಷೆಯಲ್ಲಿ ಅಂದ. ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯಲಿಲ್ಲ. ಇಬ್ಬರೂ ಒಟ್ಟಿಗೇ ತಲೆಯಾಡಿಸಿದರು.

ಹೆಡ್ವಿಗ್ ತನ್ನ ಹಿಟ್ಟಿನಲ್ಲಿ ಒಂದು ಪಾಲು ಅವನಿಗೆ ಬಿಟ್ಟುಕೊಟ್ಟಳು. ಯಾರದೋ ಮನೆಯಿಂದ ಈರುಳ್ಳಿ, ಬೆಣ್ಣೆ ಬಂತು. ಹಸಿಮೆಣಸಿನಕಾಯಿ, ಕರಿಬೇವು ನಮ್ಮ ಚೀಲದಲ್ಲೇ ಇತ್ತು, ಹೆಡ್ವಿಗ್ ಅಡುಗೆಮನೆಯಲ್ಲಿ ಅವಳಿಗೆ ಚಿತ್ರಾನ್ನ ಮಾಡಿಕೊಡುವ ಯೋಚನೆಯಿಂದ ತಂದದ್ದು. ಖಾರ ಬನ್ ಒಲೆಯಿಂದ ಹೊರಬಂದಾಗ ಪುಲಿಕೇಶಿನಗರದ ನಮ್ಮ ಬೇಕರಿಯ ಮುಂಜಾವು ಆ ಹಿಮದೂರಿನಲ್ಲಿ ಹರಡಿಕೊಂಡಿತು. ಮೊದಲ ತುಂಡಿಗೆ ಹೆಂಗಸರು ಕಣ್ಣೀರು ಸುರಿಸಿದರು, ಎರಡನೆಯದಕ್ಕೆ ಕೈ ಚಾಚಿದರು. ಒಲೆಯ ಮುದುಕ ನಿಧಾನವಾಗಿ ಒಂದು ಪೂರ್ತಿ ಬನ್ ತಿಂದು, ಮೀಸೆ ಒರೆಸಿಕೊಂಡು, ಜಾವೀದನನ್ನು ಅಡಿಯಿಂದ ಮುಡಿಯವರೆಗೆ ನೋಡಿದ.

"ಏಪ್ರಿಲ್ ಮೊದಲನೇ ಶನಿವಾರ ಒಲೆ ನಿಮ್ಮದು" ಎಂದ ನನಗೆ. "ಸೌದೆ ಮಾತ್ರ ನೀವೇ ತರಬೇಕು."

ಆ ಊರಿನಲ್ಲಿ ಮನೆಯಿಲ್ಲದವರಿಗೆ ಸರದಿ ಸಿಕ್ಕಿದ್ದು ಇದೇ ಮೊದಲೆಂದು ಹೆಡ್ವಿಗ್ ಆಮೇಲೆ ಹೇಳಿದಳು. ಜಾವೀದ್ ನನ್ನ ಮುಖ ನೋಡಿದ. ನಾನು ಕನ್ನಡದಲ್ಲಿ ತಿಳಿಸಿದೆ. ಅವನು ಕೈಯ ಹಿಟ್ಟನ್ನು ನಿಧಾನವಾಗಿ ಉಜ್ಜಿ ಉದುರಿಸಿ, "ಎಂಥಾ ಸೌದೆ ಬೇಕು ಅಂತ ಕೇಳು" ಅಂದ.

ಕೇಳಿದೆ. ಹತ್ತು ಜನ ಒಂದೇ ಸಲ ಬಾಯಿ ತೆರೆದರು. ಬೀಚ್ ಮರ ಒಳ್ಳೆಯದು ಎಂದಳೊಬ್ಬಳು, ಅದು ಒಣಗಲು ಎರಡು ವರ್ಷ ಬೇಕು ಎಂದಳು ಇನ್ನೊಬ್ಬಳು. ಹ್ಯೂಬರನ ಹತ್ತಿರ ಕೊಳ್ಳಬೇಡಿ ಒದ್ದೆ ಕೊಡುತ್ತಾನೆ, ಸೇಬಿನ ಕೊಂಬೆ ಸೇರಿಸಿದರೆ ವಾಸನೆ ಬರುತ್ತದೆ, ನನ್ನ ಕೊಟ್ಟಿಗೆಯಲ್ಲಿ ಬೇಕಾದಷ್ಟಿದೆ ಸುಮ್ಮನೆ ಒಯ್ಯಿರಿ. ಒಬ್ಬರ ಮಾತಿನ ಮೇಲೊಬ್ಬರು ಬಿದ್ದು, ಪದಗಳ ಬಾಲ ನುಂಗಿ, ಯಾವ ಪುಸ್ತಕದಲ್ಲೂ ಇಲ್ಲದ ಭಾಷೆಯಲ್ಲಿ, ನನಗಾಗಿ ಸ್ವಲ್ಪವೂ ನಿಧಾನಿಸದೆ ಅವರು ಮಾತಾಡುತ್ತಲೇ ಇದ್ದರು. ನಾನು ಒಲೆಯ ಬಿಸಿಗೆ ಬೆನ್ನು ಕೊಟ್ಟು ನಿಂತು ಜಾವೀದನಿಗೆ ಎಲ್ಲವನ್ನೂ ಹೇಳುತ್ತ ಹೋದೆ. ಒಂದು ಮಾತೂ ತಪ್ಪಲಿಲ್ಲ.